ಟ್ಯೂಬ್‌ಲೈಟ್ ಆರುವ ತನಕ

ಸಬ್‌ಸ್ಟೇಷನ್ನಿನಲ್ಲಿ ದುಡಿದವರ ಮೈಯಲ್ಲಿ ಕರೆಂಟು ಇಳಿದು ನಿಲ್ಲುವುದು ಕ್ವಾರ್ಟರ್ಸಿನವರಿಗೆ ನೆಗಡಿಯಷ್ಟೇ ಮಾಮೂಲು. ಹುಲಿಗೆಮ್ಮನಿಗೆ ಮದುವೆಯಲ್ಲಿ ತಾಳಿಯ ಜೊತೆಗೇ ರಬ್ಬರ್ ಗ್ಲೌಸೂ ಬಂದಿತ್ತು. ಗಂಡ ಅಮರಪ್ಪನನ್ನು ಆಕೆ ಒಮ್ಮೆಯೂ ಬರಿಗೈಯಲ್ಲಿ ಮುಟ್ಟಿರಲಿಲ್ಲ.

ಈಗ ಅಮರಪ್ಪನ ಹೆಣ ರಬ್ಬರ್ ಚಾಪೆಯ ಮೇಲಿತ್ತು. ಜೊತೆಯ ಲೈನ್‌ಮನ್ ಚಾಂದಪಾಷಾ ಅವನ ಎದೆಯ ಹತ್ತಿರ ಟ್ಯೂಬ್‌ಲೈಟ್ ಹಿಡಿದ. ಅದು ಮಂಕಾಗಿ ಉರಿಯಿತು.

“ವೈನಿ, ಇದು ಆರೋತನಕ ಯಾರೂ ಮುಟ್ಟಂಗಿಲ್ರಿ. ಸತ್ರೂ ಡ್ಯೂಟಿ ಬಿಟ್ಟಿಲ್ಲ ನೋಡ್ರಿ ನಮ್ಮಣ್ಣ.”

“ಆರಿದಮ್ಯಾಗ ಮುಟ್ಟಾಕ ಅವ್ರು ಎಲ್ಲಿರ್ತಾರಪಾ?” ಎಂದು ಹುಲಿಗೆಮ್ಮ ಗ್ಲೌಸು ಕಳಚಿ ಗಂಡನ ಕೈ ಹಿಡಿದಳು.

ಚಾಂದಪಾಷಾ ಕೂಗುವಷ್ಟರಲ್ಲಿ ಆಕೆಯ ಮೊಣಕೈವರೆಗೆ ಜುಮ್ಮೆಂದಿತು. ಟ್ಯೂಬ್‌ಲೈಟ್ ಆರಿತು. ಹುಲಿಗೆಮ್ಮ ಆ ತಣ್ಣನೆಯ ಕೈಯನ್ನು ಬಿಡದೆ ಚಾಂದಪಾಷಾನನ್ನು ಕೇಳಿದಳು:

“ಇಷ್ಟ ಏನಪಾ ಇದು? ಇಷ್ಟಕ್ಕ ಹೆದರಿ ಇಡೀ ಸಂಸಾರ ಮಾಡಿದ್ವಾ ನಾವು?”