ಒಂದು ಸಾಲಿನ ಪತ್ರ

“ಬಾಗಿಲು ಹಾಕ್ಕೊಂಡು ಬನ್ನಿ,” ಎಂದರು ಡಾಕ್ಟರ್. “ಈ ಮಾತು ನಿಮ್ಮೊಬ್ಬರ ಜೊತೆಗೇ ಆಡಬೇಕು. ಅದು ಇಲ್ಲಿನ ನಿಯಮ.”

ಕಿರಿಯ ಮಗಳು ಬಾಗಿಲು ಹಾಕಿ ಕುಳಿತಳು. ಮೂವತ್ತನಾಲ್ಕು ತುಂಬಿದರೂ ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು. ಅಪ್ಪನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಮೊದಲು ಅಣ್ಣ ಮುಂದೆ ಬಂದ, ಅವನದು ಆಗುವುದಿಲ್ಲವೆಂದರು. ಆಮೇಲೆ ಅಕ್ಕ, ಅವಳದೂ ಆಗುವುದಿಲ್ಲವೆಂದರು. ಇನ್ನು ಉಳಿದವಳು ಇವಳೊಬ್ಬಳೇ.

“ಇಲ್ಲಿತನಕ ಎಲ್ಲ ಹೊಂದಿದೆ. ಕೊನೆಯದು ಒಂದೆರಡು ಪರೀಕ್ಷೆ ಬಾಕಿ. ಆದ್ರೆ ಕೊಡಲೇಬೇಕು ಅಂತೇನಿಲ್ಲ. ಮನಸ್ಸಿಲ್ಲದಿದ್ರೆ ನನ್ನ ಹತ್ರ ಹೇಳಿಬಿಡಿ. ಮನೆಗೆ ಒಂದು ಪತ್ರ ಹೋಗುತ್ತೆ: ‘ವೈದ್ಯಕೀಯ ಕಾರಣಗಳಿಂದ ಇವರು ದಾನಕ್ಕೆ ಸೂಕ್ತರಲ್ಲ.’ ಅಷ್ಟೇ. ಒಳಗೆ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.”

ಪುಟ್ಟಿ ತಟ್ಟನೆ ತಲೆಯೆತ್ತಿದಳು. ಅವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಒಮ್ಮೆ ಓದಿದ ಸಾಲನ್ನು ಮರೆಯುವವಳಲ್ಲ. ಈ ಸಾಲನ್ನು ಅವಳು ಈಗಾಗಲೇ ಎರಡು ಸಲ ಓದಿದ್ದಳು.

“ಯೋಚನೆ ಮಾಡಿ ಸೋಮವಾರ ಬನ್ನಿ,” ಎಂದರು ಡಾಕ್ಟರ್.

ಮನೆಗೆ ಬಂದವಳೇ ಅಪ್ಪನ ಫೈಲು ಬಿಚ್ಚಿದಳು. ಅಣ್ಣನ ಪತ್ರ, ಅಕ್ಕನ ಪತ್ರ. ಅದೇ ಸಾಲು, ಒಂದಕ್ಷರ ಆಚೀಚೆ ಇಲ್ಲ. ಹಾಗಾದರೆ ಎದೆ ಬಡಿದುಕೊಂಡು ಅತ್ತಿದ್ದ ಅಣ್ಣನದು ನಾಟಕ. ಮೂರು ದಿನ ಊಟ ಬಿಟ್ಟಿದ್ದ ಅಕ್ಕನದೂ ನಾಟಕ. ಅಕ್ಕನ ಪತ್ರ ಬಂದ ದಿನದಿಂದ ಅವರಿಬ್ಬರೂ ಮಾತು ಬಿಟ್ಟಿದ್ದೇಕೆಂಬುದೂ ಈಗ ತಿಳಿಯಿತು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾದ ಮೇಲೆ ಮುಖ ನೋಡುವುದು ಹೇಗೆ? ಪುಟ್ಟಿಗೆ ಮೈಯೆಲ್ಲ ಉರಿಯಿತು.

ಹಿಂದೆಯೇ ನಾಚಿಕೆಯೂ ಆಯಿತು. ಡಾಕ್ಟರ್ ಆ ಪತ್ರದ ಮಾತೆತ್ತಿದಾಗ ಅವಳ ಜೀವವೂ ಒಂದು ಗಳಿಗೆ ಹಗುರಾಗಿದ್ದು ಸುಳ್ಳಲ್ಲ. ಗಂಡ ತೀರಿಕೊಂಡು ಎರಡು ವರ್ಷ. ಐದು ವರ್ಷದ ಮಗಳಿಗೆ ಇವಳನ್ನು ಬಿಟ್ಟರೆ ಇನ್ಯಾರು? ಆಪರೇಷನ್ನಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ? ಎರಡು ದಿನ ಅವಳು ತಿದ್ದಿದ ಪುಟಗಳು ತಪ್ಪುಗಳನ್ನು ಹೊತ್ತುಕೊಂಡೇ ಅಚ್ಚಿಗೆ ಹೋದವು. ಮಾಲೀಕರ ಬೈಗುಳ ಕಿವಿಗೆ ಬೀಳಲಿಲ್ಲ.

ಶನಿವಾರ ಅಪ್ಪ ಡಯಾಲಿಸಿಸ್ ಮುಗಿಸಿ ಬಂದ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಮೂರು ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದ. ಕೈಯಲ್ಲಿದ್ದ ಚೀಲಕ್ಕೆ ಪುಟ್ಟಿ ಕೈ ಚಾಚಿದರೆ ಕೊಡಲಿಲ್ಲ. ಮಕ್ಕಳಿಂದ ಚೀಲ ಹೊರಿಸುವ ಜಾಯಮಾನ ಅವನದಲ್ಲ. ಆ ಏದುಸಿರು ಕೇಳುತ್ತ ನಿಂತವಳು ಅಲ್ಲೇ ತೀರ್ಮಾನಕ್ಕೆ ಬಂದಳು.

“ಸೋಮವಾರ ಏನು ಹೇಳ್ತೀಯ?” ಅಪ್ಪ ಕೇಳಿದ.

“ಹೂಂ ಅಂತೀನಪ್ಪ.”

ಅಪ್ಪ ಚೀಲ ಕೆಳಗಿಟ್ಟು ಮಂಚದ ಮೇಲೆ ಕುಳಿತ. “ಮಗು ಎಲ್ಲಿರುತ್ತೆ?”

“ಅಕ್ಕನ ಮನೇಲಿ.”

“ಸರಿ,” ಎಂದು ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ.

ಅಕ್ಕನ ಬಾಗಿಲಿಗೆ ಹೋಗಿ ನಿಲ್ಲುವುದು ಆಪರೇಷನ್ನಿಗಿಂತ ಕಷ್ಟವೆನಿಸಿತು. ಹೋದಳು. “ನಂಗೇನಾದ್ರೂ ಆದ್ರೆ ಇವಳನ್ನ ನೋಡ್ಕೊಳ್ತೀಯಾ?” ಎಂದಳು.

ಅಕ್ಕ ಮಗುವನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. “ನೋಡ್ಕೊಳ್ತೀನಿ. ನೀನಾದ್ರೂ ಅಣ್ಣನ ಹಾಗೆ ಮಾಡ್ಬೇಡ.”

ಎಂಥ ಭಂಡತನ ಎಂದುಕೊಂಡಳು ಪುಟ್ಟಿ.

ಸೋಮವಾರ “ಕೊಡ್ತೀನಿ” ಎಂದಳು. ಒಪ್ಪಿಗೆ ಕಾಗದಕ್ಕೆ ಸಹಿಯನ್ನೂ ಹಾಕಿದಳು. ಡಾಕ್ಟರ್ ಖುಷಿಪಡಲಿಲ್ಲ, ಕಾಗದವನ್ನು ನಿಧಾನವಾಗಿ ಮಡಿಚಿಟ್ಟರು. ಹೊರಗೆ ಬಂದವಳಿಗೆ ಅಳು ಬಂತು. ಅಣ್ಣ ಅಕ್ಕಂದಿರಿಗಿಲ್ಲದ ಧೈರ್ಯ ತನಗೆ ಬಂತಲ್ಲ ಎಂಬ ಹೆಮ್ಮೆಯೂ ಅದರಲ್ಲಿ ಬೆರೆತಿತ್ತು.

ಮಂಗಳವಾರ ಅಪ್ಪ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಬಿಪಿ ತೋರಿಸಿಕೊಂಡು ಬರುತ್ತೇನೆಂದು ಹೊರಟ.

“ನಾನೂ ಬರ್ತೀನಿ ಇರು.”

“ಬಸ್ಸು ಹತ್ತೋದನ್ನ ನಂಗೆ ನೀನು ಹೇಳಿಕೊಡ್ತೀಯಾ?” ಎಂದು ನಕ್ಕು ಒಬ್ಬನೇ ಹೋದ.

ವಾರದ ಕೊನೆಗೆ ಪತ್ರ ಬಂತು. ಅಣ್ಣನೂ ಅಕ್ಕನೂ ಬಂದಿದ್ದರು, ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತಿದ್ದರು. ಅಣ್ಣ ಲಕೋಟೆ ಒಡೆದು ಗಟ್ಟಿಯಾಗಿ ಓದಿದ: ‘ವೈದ್ಯಕೀಯ ಕಾರಣಗಳಿಂದ ಇವರು ದಾನಕ್ಕೆ ಸೂಕ್ತರಲ್ಲ.’

“ನಾನು ಹೂಂ ಅಂದಿದ್ದೆ!” ಪುಟ್ಟಿ ಕಿರುಚಿದಳು.

“ಹೌದಮ್ಮ,” ಎಂದ ಅಣ್ಣ. “ನಾವೆಲ್ಲ ಹೂಂ ಅಂದವರೇ.”

ಅಕ್ಕ ಎದ್ದು ಹೋದಳು. “ಹೋಗ್ಲಿ ಬಿಡು ಪುಟ್ಟಿ, ಯಾರೇನು ಮಾಡೋಕಾಗುತ್ತೆ,” ಎಂದ ಅಪ್ಪ ಅವತ್ತು ಹೊಟ್ಟೆ ತುಂಬ ಊಟ ಮಾಡಿದ.

ಪುಟ್ಟಿ ಆಸ್ಪತ್ರೆಗೆ ಓಡಿದಳು. “ಕಾರಣ ಹೇಳೋ ಹಾಗಿಲ್ಲ,” ಎಂದರು ಡಾಕ್ಟರ್, ಮುಖ ನೋಡದೆ. ಕೊನೆಯ ಪರೀಕ್ಷೆ ಕೈಕೊಟ್ಟಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತನ್ನದು ಹಣೆಬರಹ, ಅವರಿಬ್ಬರದು ಹೇಡಿತನ. ಆದರೂ ಅವರು ತನ್ನನ್ನು ತಮ್ಮ ಸಾಲಿಗೇ ಸೇರಿಸಿಬಿಟ್ಟರಲ್ಲ ಎಂಬ ಸಿಟ್ಟು ಆರಲಿಲ್ಲ. ಅವಳೂ ಅವರೊಡನೆ ಮಾತು ಬಿಟ್ಟಳು.

ಐದು ತಿಂಗಳಿಗೆ ಅಪ್ಪ ತೀರಿಕೊಂಡ. ಹೆಣ ಸಾಗಿಸಿ ಬಂದ ಮೇಲೆ ಮೂವರು ಮಕ್ಕಳು ಮೂರು ಮೂಲೆಯಲ್ಲಿ ಕುಳಿತು ಬೇರೆ ಬೇರೆಯಾಗಿ ಅತ್ತರು. ಹೋಗುವಾಗ ಯಾರೂ ಯಾರಿಗೂ ಬರುತ್ತೇನೆ ಎನ್ನಲಿಲ್ಲ.

ಆಸ್ಪತ್ರೆಯ ಕಾಗದಪತ್ರ ತರಲು ಹೋದ ಪುಟ್ಟಿಯನ್ನು ಡಾಕ್ಟರ್ ಒಳಗೆ ಕರೆದರು. ಈ ಸಲ ತಾವೇ ಎದ್ದು ಬಾಗಿಲು ಹಾಕಿದರು.

“ತಾವಿರೋ ತನಕ ಬಾಯಿ ಬಿಡಬಾರದು ಅಂತ ಮಾತು ತಗೊಂಡಿದ್ರು. ಇನ್ನು ಹೇಳಬಹುದು.” ಅವರ ದನಿ ಸಣ್ಣದಾಯಿತು. “ನಿಮ್ಮಣ್ಣನೂ ಕೊಡ್ತೀನಿ ಅಂದಿದ್ರು, ಅಕ್ಕನೂ ಅಂದಿದ್ರು. ಮೂರು ಸಲವೂ ಮಾರನೇ ದಿನ ಬಂದು ಬೇಡ ಅಂದೋರು ನಿಮ್ಮಪ್ಪ.”