ಎರಡು ಬೆರಳಗಲದ ಪಟ್ಟಿ

“ಹತ್ತೇ ನಿಮಿಷ ಮೇಡಂ. ಅಷ್ಟರಲ್ಲಿ ಮುಂಗಡ ಬಂದರೆ ಮನೆ ನಿಮ್ಮದು. ಇಲ್ಲಾಂದ್ರೆ ಇನ್ನೊಂದು ಪಾರ್ಟಿ ಕಾಯ್ತಾ ಇದೆ,” ಎಂದಿತು ಫೋನಿನ ದನಿ. ನರ್ಸಮ್ಮ ಫೋನು ಹಿಡಿದೇ ಹಿತ್ತಲಿಗೆ, ಗಂಡನ ಮರಗೆಲಸದ ಶೆಡ್ಡಿಗೆ ಓಡಿದಳು. ಆರು ವರ್ಷದಲ್ಲಿ ಮೊದಲ ಸಲ ಆಸ್ಪತ್ರೆಯವರು ಅವಳಿಗೆ ಒಟ್ಟಿಗೆ ಐದು ದಿನ ರಜೆ ಕೊಟ್ಟಿದ್ದರು. ಸಮುದ್ರವನ್ನು ಅವಳು ಇದುವರೆಗೆ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಳು.

“ರೀ, ನೋಡಿಲ್ಲಿ! ಸಮುದ್ರದ ಎದುರಿಗೇ ಮನೆ, ಬಾಡಿಗೆ ಅರ್ಧಕ್ಕರ್ಧ ಕಮ್ಮಿ. ಬೇಗ ಹ್ಞೂಂ ಅನ್ನಿ, ದುಡ್ಡು ಕಳಿಸಿಬಿಡ್ತೀನಿ.”

ಬಡಗಿ ತಲೆಯ ಮೇಲಿನ ಮರದ ಹೊಟ್ಟು ಕೊಡವಿಕೊಂಡು ಫೋನು ಇಸಿದುಕೊಂಡ. ಸಮುದ್ರ ತೋರಿಸಿದರೆ ಲೋಕವೆಲ್ಲ ಸಮುದ್ರ ನೋಡುತ್ತದೆ; ಇವನು ಕಿಟಕಿಯ ಚೌಕಟ್ಟು ನೋಡುವ ಆಸಾಮಿ. ಅಲೆ, ಮರಳು, ಬಾಲ್ಕನಿ ಎಲ್ಲವನ್ನೂ ಸರಸರನೆ ಸರಿಸಿ ಅಡುಗೆಮನೆಯ ಫೋಟೋ ಬಂದಾಗ ನಿಂತ.

“ಭಲೇ! ಈ ಕಪಾಟು ನೋಡೇ. ಏನು ಪಾಲಿಶ್ಶು! ಕೈ ಪಳಗಿದವನ ಕೆಲಸ ಇದು,” ಎನ್ನುತ್ತ ಫೋಟೋ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ನೋಡನೋಡುತ್ತ ಅವನ ಮುಖ ಇಂಗು ತಿಂದ ಮಂಗನಂತಾಯಿತು.

“ದುಡ್ಡು ಕಳಿಸಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ.”

“ಕಾರಣ ಹೇಳಿ. ಇಲ್ಲಾಂದ್ರೆ ಕಳಿಸ್ತೀನಿ. ಇನ್ನು ಆರೇ ನಿಮಿಷ ಇದೆ.”

ಬಡಗಿಗೆ ಪ್ರಾಣಸಂಕಟವಾಯಿತು. ಹೇಳದಿದ್ದರೆ ದುಡ್ಡೂ ಹೋಗುತ್ತದೆ, ಹೆಂಡತಿಯ ರಜೆಯೂ ಹೋಗುತ್ತದೆ. ಹೇಳಿದರೆ, ನನ್ನ ಅಳತೆ ತಪ್ಪಿದ್ದೇ ಇಲ್ಲ ಎಂದು ಇಪ್ಪತ್ತು ವರ್ಷ ಮೀಸೆ ತಿರುವಿದ ಮಾನ ಹೋಗುತ್ತದೆ. ಮೂರು ನಿಮಿಷ ಉಳಿದಿರುವಾಗ ಬಾಯಿಬಿಟ್ಟ.

“ಇದು ಸಮುದ್ರದ ಮನೆ ಅಲ್ಲ ಕಣೇ. ನಮ್ಮ ಹಿತ್ತಲಿನಾಚೆ ಮನೆಯ ಹಲ್ಲಿನ ಡಾಕ್ಟರ ಅಡುಗೆಮನೆ. ಮೂರನೇ ಬಾಗಿಲ ಕೆಳಗೆ ಕಪ್ಪು ಪಟ್ಟಿ ಕಾಣ್ತಾ? ಅವತ್ತು ಹಲಗೆ ಎರಡು ಬೆರಳು ಗಿಡ್ಡ ಕೊಯ್ದುಬಿಟ್ಟಿದ್ದೆ. ಪಟ್ಟಿ ಅಂಟಿಸಿ, ಡಿಸೈನು ಅಂತ ಹೇಳಿ ಬಂದೆ.”

ಸಮುದ್ರದ ಗುಂಗಿನಲ್ಲಿ ನರ್ಸಮ್ಮ ಆ ಫೋಟೋವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ಕಣ್ಣರಳಿಸಿ ನೋಡಿದಳು. “ಅಯ್ಯೋ ಹೌದಲ್ಲ! ಅಲ್ರೀ, ಅದೇ ಡಿಸೈನು ನಮಗೂ ಮಾಡಿಕೊಡಿ ಅಂತ ಎರಡು ವರ್ಷದಿಂದ ನಿಮ್ಮ ಹತ್ರ ಗೋಗರೀತಾ ಇದ್ದೀನಲ್ರೀ ನಾನು!”

“ಅದಕ್ಕೇ ಮಾಡಿಕೊಟ್ಟಿಲ್ಲ,” ಎಂದ ಬಡಗಿ ನೆಲ ನೋಡುತ್ತ.

ಅಷ್ಟರಲ್ಲಿ ಫೋನು ಬಡಕೊಂಡಿತು. ನರ್ಸಮ್ಮ ಗಂಡನಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

“ಮೇಡಂ, ದುಡ್ಡು ಬರಲಿಲ್ಲ?”

“ಇದೋ ಕಳಿಸ್ತಾ ಇದ್ದೆ ಅಣ್ಣ. ಒಂದು ಮಾತು, ಅಡುಗೆಮನೆ ಕಿಟಕಿಯಿಂದ ಏನು ಕಾಣುತ್ತೆ?”

“ಸಮುದ್ರ ಮೇಡಂ! ಪಾತ್ರೆ ತೊಳೀತಾ ತೊಳೀತಾ ಅಲೆ ಎಣಿಸಬಹುದು.”

“ಹೌದಾ? ನಮ್ಮ ಯಜಮಾನರ ಶೆಡ್ಡಿನ ಗೋಡೆ ಕಾಣಬೇಕಿತ್ತಲ್ಲ! ಒಂದು ವಿಡಿಯೋ ಕಾಲ್ ಮಾಡಿ ತೋರಿಸಿಬಿಡಿ ಅಣ್ಣ.”

ಅಣ್ಣ ಫೋನು ಕುಕ್ಕಿದ. ತಿರುಗಿ ಮಾಡಿದರೆ ನಂಬರೇ ಬಂದ್ ಆಗಿತ್ತು. ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕು, ಡಾಕ್ಟರಿಗೂ ವಿಷಯ ತಿಳಿಸೋಣವೆಂದು ಕ್ಲಿನಿಕ್ಕಿಗೆ ಹೊರಟರು.

ತಮ್ಮ ಅಡುಗೆಮನೆ ಸಮುದ್ರತೀರಕ್ಕೆ ಹೋದ ಸುದ್ದಿ ಕೇಳಿ ಡಾಕ್ಟರು ಹೌಹಾರಿದರು. ಹೊಸದರಲ್ಲಿ ಹೆಮ್ಮೆಯಿಂದ ಇಂಟರ್ನೆಟ್ಟಿಗೆ ಹಾಕಿದ್ದ ಫೋಟೋವನ್ನು ಯಾರೋ ಎತ್ತಿಕೊಂಡಿದ್ದರು. ನರ್ಸಮ್ಮನ ರಜೆಯ ಕತೆ ಕೇಳಿ, ನಿಜವಾಗಿಯೂ ಸಮುದ್ರದ ಪಕ್ಕ ಇರುವ ತಮ್ಮ ಅಕ್ಕನಿಗೆ ಅಲ್ಲೇ ವಿಡಿಯೋ ಕಾಲ್ ಮಾಡಿದರು. ಅಕ್ಕ ಖಾಲಿಯಿದ್ದ ಮಹಡಿಯ ಕೋಣೆಗಳನ್ನೆಲ್ಲ ತೋರಿಸುತ್ತ ಬಾಲ್ಕನಿಗೆ ನಡೆದರು. ಅಲೆಯ ಸದ್ದು ಕ್ಲಿನಿಕ್ಕಿನೊಳಗೆಲ್ಲ ಕೇಳಿಸಿತು. “ಮುಂಗಡ ಏನೂ ಬೇಡ, ಬಂದು ನೋಡಿ ಆಮೇಲೆ ಕೊಡಿ,” ಎಂದರು. ನರ್ಸಮ್ಮ ಖುಷಿಯಿಂದ ಅಲ್ಲೇ ಬರುವ ದಿನ ಹೇಳಿದಳು.

ಇನ್ನೇನು ಏಳಬೇಕು ಎನ್ನುವಾಗ ಡಾಕ್ಟರು ಕೇಳಿದರು. “ಅದೆಲ್ಲ ಸರಿ, ಬರೀ ಫೋಟೋ ನೋಡಿ ನಮ್ಮನೆ ಅಂತ ಹೇಗ್ರೀ ಗುರುತು ಹಿಡಿದ್ರಿ?”

ಬಡಗಿ ಹೆಂಡತಿಯ ಮುಖ ನೋಡಿದ. ಹೆಂಡತಿ ಫ್ಯಾನು ನೋಡಿದಳು. ಒಬ್ಬ ಮೋಸಗಾರನ ಸುಳ್ಳು ಬಯಲು ಮಾಡಿದ ದಿನವೇ ಇನ್ನೊಂದು ಸುಳ್ಳು ಹೇಳಲು ಅವನಿಗೆ ನಾಲಗೆ ಏಳಲಿಲ್ಲ.

“ಡಾಕ್ಟ್ರೇ, ಕೆಳಗಿನ ಆ ಪಟ್ಟಿ... ಅದು ಡಿಸೈನಲ್ಲ. ಹಲಗೆ ಗಿಡ್ಡ ಆಗಿತ್ತು.”

ಡಾಕ್ಟರು ಕೈ ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದರು. “ಗೊತ್ತು ಕಣ್ರೀ. ದಿನಾ ಹತ್ತು ಜನರ ಹುಳುಕು ಹಲ್ಲಿಗೆ ಫಿಲ್ಲಿಂಗ್ ಹಾಕೋನು ನಾನು. ನಮ್ಮನೆ ಕಪಾಟಿನ ಫಿಲ್ಲಿಂಗ್ ಕಾಣಲ್ವಾ? ಅಳ್ಳಾಡ್ತಾ ಇರಲಿಲ್ಲ, ಸುಮ್ನಿದ್ದೆ.”