ಅಳತೆ ಕೊಡದ ಸೈಕಲ್

ಹೊಸ ಸೈಕಲ್ಲಿನ ಹ್ಯಾಂಡಲ್ ಮೇಲೆ ಮೊಣಕೈ ಊರುವ ಎರಡು ಮೆತ್ತೆಗಳಲ್ಲಿ ಎಡಗಡೆಯದು ಎರಡು ಬೆರಳು ಎತ್ತರವಾಗಿತ್ತು. "ಫ್ಯಾಕ್ಟರಿ ತಪ್ಪು ಅಕ್ಕಾ, ಇಳಿಸ್ತೀನಿ" ಎಂದು ಸೈಕಲ್ ಅಂಗಡಿಯವನು ಸ್ಪ್ಯಾನರ್ ಎತ್ತಿಕೊಂಡ. ಈಜು ಟೀಚರ್ ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ, ಈಜು-ಸೈಕಲ್-ಓಟ ಮೂರೂ ಇರುವ ಟ್ರಯಥ್ಲಾನ್ ಪಂದ್ಯದ ಸೈಕಲ್ ಅದು. "ಬೆಲೆ ವಿಚಾರಿಸೋಕೆ ನನ್ನಂಗಡಿ, ಕೊಳ್ಳೋಕೆ ಫೋನು, ಜೋಡಿಸೋಕೆ ಮತ್ತೆ ನಾನು!" ಎಂದು ಗೊಣಗುತ್ತಲೇ ಅವನು ಆಗಷ್ಟೇ ಪೆಟ್ಟಿಗೆ ಬಿಚ್ಚಿ ಅದನ್ನು ಜೋಡಿಸಿ ನಿಲ್ಲಿಸಿದ್ದ.

"ತಡೀರಣ್ಣ." ಟೀಚರ್ ಸೀಟೇರಿ ಮುಂದಕ್ಕೆ ಬಾಗಿದಳು. ಚಿಕ್ಕಂದಿನಲ್ಲಿ ಮುರಿದು ಕೂಡಿಕೊಂಡು ಗಿಡ್ಡವಾಗಿದ್ದ ಅವಳ ಎಡತೋಳು ಮೆತ್ತೆಯ ಮೇಲೆ ಹೇಳಿ ಮಾಡಿಸಿದಂತೆ ಕೂತಿತು.

"ಅಳತೆ ಕಳಿಸಿದ್ರಾ?"

"ಇಲ್ಲಪ್ಪ, ಬಣ್ಣ ಆರಿಸಿದ್ದೊಂದೇ." ಅವಳಿಗೆ ನಗು ಬಂತು. "ನೋಡಿ, ನಿಮಗಿಂತ ಫೋನೇ ವಾಸಿ."

ಅವನು ನಗಲಿಲ್ಲ. ಬಗ್ಗಿ ಪೆಡಲ್‌ಗಳನ್ನು ನಿಧಾನವಾಗಿ ತಿರುಗಿಸುತ್ತಿದ್ದ. ಎಡಗಡೆಯದು ಎಲ್ಲ ಪೆಡಲ್‌ಗಳ ಹಾಗೇ ಇತ್ತು. ಬಲಗಡೆಯದಕ್ಕೆ ಮಾತ್ರ ದಪ್ಪನೆಯ ರಬ್ಬರ್ ಅಟ್ಟೆ ಬಿಗಿದಿತ್ತು, ಗಿಡ್ಡವಾದ ಕಾಲಿಗೆ ನಿಲುಕಲೆಂದು ಹಾಕುವಂಥದ್ದು.

"ಅಕ್ಕಾ, ಬಲಗಾಲಿಗೆ ಏನಾಗಿತ್ತು?"

"ಬಲಗಾಲಿಗಾ? ಏನೂ ಆಗಿಲ್ವಲ್ಲ" ಎಂದವಳ ಬಾಯಿಂದ, ತಡೆದುಕೊಳ್ಳುವಷ್ಟರಲ್ಲಿ, ಮತ್ತೊಂದು ಮಾತು ಜಾರಿತು. "ಇನ್ನೂ."